ಹಡೆದವ್ವನ ಹೆಸರಿಗೆ ಏನದ?

ಕಲಘಟಗಿ ಎಂದರೆ ಹೊರಗಿನವರಿಗೆ ಮೊದಲು ನೆನಪಾಗುವುದು ತೊಟ್ಟಿಲು. ಸಾಗವಾನಿ ಕಟ್ಟಿಗೆ, ಅರಗಿನ ಬಣ್ಣ, ಮೈತುಂಬ ರಾಮಾಯಣವೋ ಕೃಷ್ಣನ ಬಾಲಲೀಲೆಯೋ ಬರೆದ ಪಟ್ಟಿಗಳು. ಚಿತ್ರಗಾರ ಮನೆತನದವರ ಕೈಯಲ್ಲಿ ಒಂದೊಂದು ತೊಟ್ಟಿಲೂ ನಿಧಾನವಾಗಿ ಸಿದ್ಧವಾಗುತ್ತದೆ. ಬಣ್ಣ ಮಾತ್ರ ತಲೆಮಾರು ಕಳೆದರೂ ಮಾಸುವುದಿಲ್ಲ. ನಟ ಅಂಬರೀಶ್ ಅವರು ಯಶ್–ರಾಧಿಕಾ ದಂಪತಿಯ ಮಗುವಿಗೆಂದು ಇಲ್ಲಿ ತೊಟ್ಟಿಲು ಮಾಡಲು ಹೇಳಿ, ಅದು ಮುಟ್ಟುವ ಮೊದಲೇ 2018ರ ನವೆಂಬರಿನಲ್ಲಿ ತೀರಿಕೊಂಡರು. ಆಗ ಈ ಊರಿನ ಹೆಸರು ನಾಡಿನ ಪತ್ರಿಕೆಗಳಲ್ಲೆಲ್ಲ ಬಂತು. ಆ ತೊಟ್ಟಿಲಿನ ಬೆಲೆ ಲಕ್ಷ ದಾಟಿತ್ತೆಂದು ಸುದ್ದಿ. ಸಾಮಾನ್ಯರು ಮಾಡಿಸುವುದಕ್ಕೂ ಹತ್ತಾರು ಸಾವಿರ ಬೇಕು.

ರೂಢಿಯಂತೆ ಅದು ಬರಬೇಕಾದ್ದು ತವರುಮನೆಯಿಂದ. ಕುಬಸ ಅವರದು, ಚೊಚ್ಚಲ ಹೆರಿಗೆ ಅವರದು, ಬಾಣಂತನ ಅವರದು, ಕೂಸನ್ನು ಗಂಡನ ಮನೆಗೆ ಕಳಿಸುವಾಗಿನ ತೊಟ್ಟಿಲು, ಬಟ್ಟೆಬರೆ, ಬೆಳ್ಳಿಯ ಉಡದಾರವೂ ಅವರದೇ. ಈ ಖರ್ಚು ಮಾಡುವವರ ವಯಸ್ಸು ನೋಡಿ: ಐವತ್ತರ ಆಚೆ ಈಚೆ. ದುಡಿಮೆಯ ಶಕ್ತಿ ಇಳಿಯತೊಡಗಿದ, ಮುಪ್ಪಿಗೆ ನಾಲ್ಕು ದುಡ್ಡು ತೆಗೆದಿಡಬೇಕಾದ ಹೊತ್ತು. ಪೇಟೆಯ ಹಣಕಾಸು ಸಲಹೆಗಾರರು ಮಕ್ಕಳನ್ನು ಬೆಳೆಸುವ ಖರ್ಚನ್ನು ಡಿಗ್ರಿ ಮುಗಿಯುವ ತನಕ ಎಂದು ಲೆಕ್ಕ ಹಿಡಿಯುತ್ತಾರೆ. ನಮ್ಮ ಕಡೆ ಅದು ಮೊಮ್ಮಗನ ಜವಳದ ತನಕ ಇರುತ್ತದೆ.

ಮಕ್ಕಳಿಗೆ ಎಷ್ಟು, ಮುಪ್ಪಿಗೆ ಎಷ್ಟು ಎಂಬ ಪ್ರಶ್ನೆಗೆ ಇಂಗ್ಲಿಷ್ ಪತ್ರಿಕೆಗಳಿಂದ ಹಿಡಿದು ಯೂಟ್ಯೂಬ್ ವರೆಗೆ ಒಂದೇ ಉತ್ತರ ಓಡಾಡುತ್ತಿದೆ: ಮಕ್ಕಳ ಓದಿಗೆ ಸಾಲ ಸಿಗುತ್ತದೆ, ಮುಪ್ಪಿಗೆ ಯಾರೂ ಸಾಲ ಕೊಡುವುದಿಲ್ಲ, ಆದ್ದರಿಂದ ಮೊದಲು ನಿಮ್ಮ ಪಿಂಚಣಿ ನೋಡಿಕೊಳ್ಳಿ. ಕೇಳಲು ಚೆನ್ನಾಗಿದೆ. ಆದರೆ ವಿದ್ಯಾರ್ಥಿಯೇ ತನ್ನ ಹೆಸರಿನಲ್ಲಿ ಸಾಲ ಎತ್ತಿ ತಾನೇ ತೀರಿಸುವ ದೇಶಗಳಲ್ಲಿ ಹುಟ್ಟಿದ ಮಾತು ಅದು. ನಮ್ಮ ಬ್ಯಾಂಕುಗಳಲ್ಲಿ ಶಿಕ್ಷಣ ಸಾಲಕ್ಕೆ ತಂದೆಯೋ ತಾಯಿಯೋ ಸಹ-ಸಾಲಗಾರರಾಗಿ ರುಜು ಹಾಕಬೇಕು. ನಾಲ್ಕು ಲಕ್ಷದವರೆಗೆ ಜಾಮೀನು ಕೇಳುವುದಿಲ್ಲ ನಿಜ. ಏಳೂವರೆ ಲಕ್ಷ ದಾಟಿದರೆ ಸಾಮಾನ್ಯವಾಗಿ ಆಸ್ತಿಯನ್ನೇ ಅಡವಿಡಬೇಕು. ಮಗನಿಗೆ ನೌಕರಿ ಸಿಗದಿದ್ದರೆ ನೋಟಿಸು ಬರುವುದು ಅಪ್ಪನಿಗೆ. ಅಂದಮೇಲೆ ಮಗನ ಸಾಲ, ಅಪ್ಪನ ಮುಪ್ಪು ಎಂದು ಗೆರೆ ಎಳೆಯುವುದು ಇಲ್ಲಿ ನಡೆಯದು.

ಇನ್ನೊಂದು ತೊಡಕು ಇದಕ್ಕಿಂತ ಆಳದ್ದು. ದುಮ್ಮವಾಡ, ಮಿಶ್ರಿಕೋಟಿ, ತಬಕದ ಹೊನ್ನಿಹಳ್ಳಿಯಂಥ ಊರುಗಳ ಕಟ್ಟೆಯ ಮೇಲೆ ಕುಳಿತು ಮುಪ್ಪಿಗೆ ಏನು ಮಾಡಿದ್ದೀರಿ ಎಂದು ಕೇಳಿದರೆ, ಬರುವ ಉತ್ತರ ಹೆಚ್ಚು ಕಡಿಮೆ ಒಂದೇ: “ಹುಡುಗ್ರು ಅದಾವಲ್ರೀ.” ಮಕ್ಕಳಿಗೆ ಹಾಕಿದ ದುಡ್ಡೇ ಪಿಂಚಣಿಗೆ ಕಟ್ಟಿದ ಕಂತು ಎಂಬ ತಿಳಿವಳಿಕೆ ಅದು. ಇದನ್ನು ಅಜ್ಞಾನ ಎಂದು ತಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಶತಮಾನಗಟ್ಟಲೆ ಈ ಲೆಕ್ಕ ಸರಿಯಾಗಿಯೇ ನಡೆದುಕೊಂಡು ಬಂದಿತ್ತು. ಪ್ರಶ್ನೆ, ಅದು ನಿಂತಿದ್ದ ನೆಲ ಈಗಲೂ ಹಾಗೆಯೇ ಇದೆಯೇ ಎಂಬುದು.

ಆ ನೆಲದ ಬಗ್ಗೆ ಸ್ವಲ್ಪ ನಿಂತು ನೋಡಬೇಕು. ನಮ್ಮ ಅಜ್ಜಂದಿರ ಕಾಲದಲ್ಲಿ ಮಕ್ಕಳನ್ನು ಬೆಳೆಸುವ ಖರ್ಚು ಬರಿಯ ಗಂಡ ಹೆಂಡತಿಯ ಕೊರಳಿಗೆ ಬೀಳುತ್ತಿರಲಿಲ್ಲ. ಕೂಡು ಕುಟುಂಬದಲ್ಲಿ ಕಾಕಾನ ಮಕ್ಕಳೂ ತಮ್ಮ ಮಕ್ಕಳೂ ಒಂದೇ ಪರಾತದಲ್ಲಿ ಉಣ್ಣುತ್ತಿದ್ದರು. ಶಾಲೆ ಸರ್ಕಾರದ್ದು. ಮುಂದೆ ಓದುವ ಹಂಬಲವಿದ್ದ ಹಳ್ಳಿಯ ಹುಡುಗನಿಗೆ ಮಠಗಳಿದ್ದವು: ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಸ್ವಾಮಿಗಳು ಬೆಳೆಸಿದ ಉಚಿತ ಪ್ರಸಾದ ನಿಲಯದಲ್ಲಿ ಉಂಡು ಓದಿದವರು ವಕೀಲರಾದರು, ಮಾಸ್ತರರಾದರು, ಮಂತ್ರಿಗಳೂ ಆದರು. ಅವರ ಅಪ್ಪಂದಿರು ಕಳಿಸಿದ್ದು ಹೆಚ್ಚೆಂದರೆ ಹಂಗಾಮಿಗೊಂದು ಚೀಲ ಜೋಳ. ಇತ್ತ ಮುದುಕರನ್ನು ನೋಡಿಕೊಳ್ಳುವ ಭಾರವೂ ಹಾಗೆಯೇ ಹಂಚಿಹೋಗಿತ್ತು. ನಾಲ್ಕೈದು ಗಂಡುಮಕ್ಕಳಲ್ಲಿ ಒಬ್ಬ ಉಡಾಳನಾದರೂ ಇನ್ನೊಬ್ಬ ಹೊಲದಲ್ಲಿ ಇರುತ್ತಿದ್ದ. ಸೊಸೆಯಂದಿರು ಮನೆಯಲ್ಲೇ ಇರುತ್ತಿದ್ದರು. ಮುದುಕರೂ ಇಂದಿನಷ್ಟು ವರ್ಷ ಬದುಕುತ್ತಿರಲಿಲ್ಲ ಎಂಬುದನ್ನೂ ಹೇಳಬೇಕು.

ಈಗ ಎರಡೂ ಭಾರ ಒಟ್ಟಿಗೇ ಒಂದು ಜೋಡಿಯ ಮೇಲೆ ಬಂದು ಕುಳಿತಿವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣುಮಗಳಿಗೆ ಸರಾಸರಿ 1.7 ಮಕ್ಕಳು. ಅಂದರೆ ಬಹಳ ಮನೆಗಳಲ್ಲಿ ಗಂಡುಮಗ ಒಬ್ಬನೇ, ಕೆಲವೆಡೆ ಅವನೂ ಇಲ್ಲ. ಆ ಒಬ್ಬನೂ ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಗೋವಾದಲ್ಲೋ ಬಾಡಿಗೆ ಮನೆಯಲ್ಲಿದ್ದಾನೆ. ಅವನ ಸಂಬಳ ಅವನ ಮಗುವಿನ ಇಂಗ್ಲಿಷ್ ಶಾಲೆಗೇ ಸಾಲದು. ಪ್ರೀತಿ ಕಡಿಮೆಯಾಯಿತು, ಕಲಿಗಾಲ ಬಂತು ಎಂದು ಹಲುಬುವುದರಲ್ಲಿ ಅರ್ಥವಿಲ್ಲ. ಹೊರುವ ಹೆಗಲುಗಳ ಸಂಖ್ಯೆಯೇ ಕಡಿಮೆಯಾಗಿದೆ.

ಖರ್ಚಿನ ಕಡೆ ಬರೋಣ. ಸಣ್ಣ ವಯಸ್ಸಿನ ಖರ್ಚನ್ನು ಸರ್ಕಾರ ಸಾಕಷ್ಟು ಇಳಿಸಿದೆ. ಅಂಗನವಾಡಿ, ಅಕ್ಷರ ದಾಸೋಹದ ಬಿಸಿಯೂಟ, 2013ರಿಂದ ಕ್ಷೀರಭಾಗ್ಯದ ಹಾಲು, ಪುಸ್ತಕ, ಸಮವಸ್ತ್ರ. ಸರ್ಕಾರಿ ಶಾಲೆಗೆ ಕಳಿಸುವ ಮನೆಗೆ ಏಳನೆಯ ಇಯತ್ತೆಯ ತನಕ ದೊಡ್ಡ ಹೊರೆ ಇಲ್ಲ. ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ಸೀಟು ಸಿಕ್ಕರೆ ಹತ್ತನೆಯವರೆಗೂ ನಿಶ್ಚಿಂತೆ. ಆದರೆ ವ್ಯಾನು ಬಂದು ಹಾರ್ನ್ ಹೊಡೆಯುವ ಇಂಗ್ಲಿಷ್ ಮಾಧ್ಯಮದ ಶಾಲೆಯ ಆಸೆ ಈಗ ಯಾವ ತಾಂಡಾಕ್ಕೂ ಹೊಸದಲ್ಲ. ಬಡ ಮಕ್ಕಳಿಗೆ ಖಾಸಗಿ ಶಾಲೆಯಲ್ಲಿದ್ದ ಶೇಕಡಾ 25 ಸೀಟಿನ ದಾರಿಯನ್ನು, ಹತ್ತಿರದಲ್ಲಿ ಸರ್ಕಾರಿ ಶಾಲೆ ಇದ್ದರೆ ಬೇಡ ಎಂದು ರಾಜ್ಯ ಸರ್ಕಾರ 2019ರಲ್ಲಿ ಬಹುಮಟ್ಟಿಗೆ ಮುಚ್ಚಿತು. ಅಲ್ಲಿಂದಾಚೆ ಆ ಆಸೆಯ ಫೀ ಪೂರ್ತಿ ಅಪ್ಪ ಅವ್ವನದೇ.

ನಿಜವಾದ ಪೆಟ್ಟು ಬೀಳುವುದು ಎಸ್‌ಎಸ್‌ಎಲ್‌ಸಿ ಆದಮೇಲೆ. ಮಗ ಮಾರ್ಕ್ಸ್ ತೆಗೆದರೆ ಸಂತೋಷದ ಜೊತೆಗೇ ಎದೆ ಧಸಕ್ಕೆನ್ನುತ್ತದೆ, ಏಕೆಂದರೆ ಧಾರವಾಡದಲ್ಲಿ ಪಿಯು ಸೈನ್ಸ್ ಎಂದರೆ ಕಾಲೇಜು, ಹಾಸ್ಟೆಲು, ನೀಟ್–ಸಿಇಟಿ ಕೋಚಿಂಗ್ ಎಲ್ಲ ಸೇರಿ ಲಕ್ಷದ ಮಾತು. ಅದು ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು ಸುತ್ತು. ಧಾರವಾಡ ಈಗ ಕವಿಗಳಿಗಿಂತ ಹೆಚ್ಚಾಗಿ ಕೋಚಿಂಗ್ ಸೆಂಟರುಗಳ ಊರು. ಸಪ್ತಾಪುರದ ಓಣಿಗಳಲ್ಲಿ ಉತ್ತರ ಕರ್ನಾಟಕದ ಎಲ್ಲ ತಾಲ್ಲೂಕಿನ ಹುಡುಗರೂ ಇದ್ದಾರೆ: ರೂಮು, ಮೆಸ್ಸು, ಲೈಬ್ರರಿ ಫೀ, ಪಿಎಸ್‌ಐ ಆಗದಿದ್ದರೆ ಪಿಡಿಒ, ಅದೂ ಆಗದಿದ್ದರೆ ಎಫ್‌ಡಿಎ. ಒಳಮೀಸಲಾತಿ ತೀರ್ಮಾನವಾಗುವ ತನಕ ಹೊಸ ನೇಮಕಾತಿ ಅಧಿಸೂಚನೆ ಬೇಡ ಎಂದು 2024ರ ಅಕ್ಟೋಬರಿನಲ್ಲಿ ರಾಜ್ಯ ಸಂಪುಟ ನಿರ್ಧರಿಸಿತು. ಮರುವರ್ಷ ಇದೇ ಹುಡುಗ ಹುಡುಗಿಯರು ಧಾರವಾಡದ ರಸ್ತೆಗಿಳಿದರು. ಪತ್ರಿಕೆಗಳು ಬರೆದದ್ದು ಅವರ ವಯೋಮಿತಿ ಮೀರುವ ಸಂಕಟವನ್ನು. ಊರಲ್ಲಿ ಅವರ ರೂಮಿನ ಬಾಡಿಗೆ ಕಳಿಸುತ್ತ ಕುಳಿತ ಅಪ್ಪ ಅವ್ವನಿಗೂ ವಯಸ್ಸು ಮೀರುತ್ತಿದೆ ಎಂದು ಯಾರೂ ಬರೆಯಲಿಲ್ಲ. ಮಗನಿಗೆ ಮೂವತ್ತು ತುಂಬಿದಾಗ ಅಪ್ಪನಿಗೆ ಐವತ್ತೈದು. ಮೊದಲಾಗಿದ್ದರೆ ಆ ವಯಸ್ಸಿಗೆ ಮಗನ ದುಡಿಮೆ ಮನೆಗೆ ಬರಲು ಶುರುವಾಗಿ ಹತ್ತು ವರ್ಷವಾಗಿರುತ್ತಿತ್ತು.

ಮದುವೆಯ ಖರ್ಚಿನ ಬಗ್ಗೆ ಬರೆಯಲು ನನಗೆ ಉತ್ಸಾಹವಿಲ್ಲ, ಎಲ್ಲರಿಗೂ ಗೊತ್ತಿರುವುದೇ. ಒಂದು ಅಂಕಿ ಮಾತ್ರ ಹೇಳುತ್ತೇನೆ. 2025ರ ಏಪ್ರಿಲಿನಲ್ಲಿ ಹತ್ತು ಗ್ರಾಂ ಬಂಗಾರ ಒಂದು ಲಕ್ಷ ರೂಪಾಯಿ ಮುಟ್ಟಿತು. ಮಗಳಿಗೆ ಐದು ತೊಲೆ ಹಾಕುತ್ತೇವೆ ಎಂದು ಮಾತು ಕೊಟ್ಟವರು ಆ ದರಕ್ಕೇ ಐದು ಲಕ್ಷ ಹೊಂದಿಸಬೇಕು, ಮಾಂಗಲ್ಯದ ಊಟ ಇನ್ನೂ ಆಗಿಲ್ಲ. ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹ ನಡೆಯುತ್ತಿದೆ. ನಮ್ಮ ಕಡೆಯ ಮಠಗಳಲ್ಲೂ ಜಾತ್ರೆಯ ಹೊತ್ತಿಗೆ ನಡೆಯುತ್ತದೆ. ಅಲ್ಲಿ ತಾಳಿ ಕಟ್ಟಿಸಿ ಬಂದು, ಮತ್ತೆ ಊರಲ್ಲಿ ಪೆಂಡಾಲು ಹಾಕಿ ಊಟ ಹಾಕುವ ಮನೆಗಳನ್ನೂ ನೋಡಿದ್ದೇವೆ. ಮಕ್ಕಳ ಖರ್ಚಿನಲ್ಲಿ ಏನನ್ನಾದರೂ ಕತ್ತರಿಸಬೇಕೆಂದರೆ ಅದು ಶಾಲೆಯಲ್ಲ, ಇದು. ಮೂರು ದಿನದ ಈ ಸಂಭ್ರಮಕ್ಕೆ ಹೋದ ಒಂದು ಎಕರೆ ತಿರುಗಿ ಬಂದದ್ದನ್ನು ನಾನು ಕಂಡಿಲ್ಲ.

ಇಷ್ಟಕ್ಕೂ ದುಡ್ಡು ಹುಟ್ಟುವುದು ಎಲ್ಲಿಂದ? ನವಲಗುಂದ, ಅಣ್ಣಿಗೇರಿಯ ಎರಿ ಹೊಲಗಳ ಲೆಕ್ಕ ಬೇರೆ. ಅರೆಮಲೆನಾಡಿನ ಕಲಘಟಗಿಯಲ್ಲಿ ಭತ್ತ, ಗೋವಿನಜೋಳ, ಸೋಯಾ, ಹತ್ತಿ, ಅಲ್ಲಲ್ಲಿ ಕಬ್ಬು, ಮಾವು. 2023ರಲ್ಲಿ ಬರ. 2025ರಲ್ಲಿ ಗೋವಿನಜೋಳಕ್ಕೆ ಕೇಂದ್ರ ಕಟ್ಟಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ಸುಗ್ಗಿಯಲ್ಲಿ ಪೇಟೆಯ ದರ ಎರಡು ಸಾವಿರದ ಬಹಳ ಕೆಳಗೆ ಕುಸಿದು ಹಾವೇರಿ, ಗದಗ, ಧಾರವಾಡದ ರೈತರು ರಸ್ತೆ ತಡೆದರು. ನಾಲ್ಕು ಎಕರೆಯವನೊಬ್ಬ ಎಕರೆಗೆ ಇಪ್ಪತ್ತು ಕ್ವಿಂಟಲ್ ಬೆಳೆದು 1,700ಕ್ಕೆ ಮಾರಿದ ಎಂದಿಟ್ಟುಕೊಳ್ಳಿ: ಬೆಂಬಲ ಬೆಲೆಗೂ ಅವನ ಕೈಗೆ ಬಂದದ್ದಕ್ಕೂ ನಡುವೆ 56,000 ರೂಪಾಯಿ ಅಂತರ. ಧಾರವಾಡದಲ್ಲಿರುವ ಮಗನ ಒಂದು ವರ್ಷದ ರೂಮು, ಊಟ ಅಲ್ಲಿಗೆ ಹೋಯಿತು. ತಿಂಗಳ ಸಂಬಳವಿಲ್ಲದ ಮನೆಗೆ ತಿಂಗಳ ಕಂತಿನ ಉಳಿತಾಯ ಹೇಳಿಕೊಡುವವರು ಇದನ್ನು ಮರೆಯುತ್ತಾರೆ.

ಸರ್ಕಾರಿ ನೌಕರರ ಮನೆಯ ಮಾತು ಬೇರೆ. 2006ರ ಏಪ್ರಿಲ್ 1ಕ್ಕಿಂತ ಮೊದಲು ಸೇರಿದವರಿಗೆ ಹಳೆಯ ಪಿಂಚಣಿ, ನಂತರದವರಿಗೆ ಎನ್‌ಪಿಎಸ್, ಎರಡರ ನಡುವಿನ ಜಗಳ ಇನ್ನೂ ಮುಗಿದಿಲ್ಲ. ಆದರೂ ಅವರಿಗೊಂದು ಪಿಂಚಣಿ ಉಂಟು. ಇಲ್ಲಿ ನಾನು ಹೇಳುತ್ತಿರುವುದು ಅದು ಇಲ್ಲದವರ ಬಗ್ಗೆ.

ಹಾಗೆಂದು ನಮ್ಮ ಜನಕ್ಕೆ ಉಳಿಸುವುದು ಗೊತ್ತಿಲ್ಲ ಎನ್ನಬಾರದು. ಏಷ್ಯಾದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘ 1905ರಲ್ಲಿ ಹುಟ್ಟಿದ್ದು ಆಗಿನ ಧಾರವಾಡ ಜಿಲ್ಲೆಯ ಕಣಗಿನಹಾಳದಲ್ಲಿ, ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ. ದಿನಕ್ಕೆ ನಾಲ್ಕಾಣೆ ಎಂಟಾಣೆ ಕೂಡಿಸುವ ಪಿಗ್ಮಿಯನ್ನು ದೇಶಕ್ಕೆ ಕೊಟ್ಟದ್ದು 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕು. ಇವತ್ತಿಗೂ ಕಲಘಟಗಿ ಪೇಟೆಯ ಅಂಗಡಿಗಳಿಗೆ ಸಂಜೆ ಪಿಗ್ಮಿಯವನು ಬರುತ್ತಾನೆ. ಹೆಂಗಸರ ಸಂಘಗಳಲ್ಲಿ ವಾರದ ಉಳಿತಾಯವಿದೆ, ಗೆಳೆಯರ ನಡುವೆ ಭಿಶಿ ಇದೆ. ಆದರೆ ಈ ಎಲ್ಲ ಉಳಿತಾಯವೂ ಒಂದೆರಡು ವರ್ಷದ್ದು. ಪಿಗ್ಮಿ ಮುರಿದು ಶಾಲೆಯ ಫೀ, ಭಿಶಿ ಎತ್ತಿ ಸೀಮಂತ, ಸಂಘದ ಸಾಲದಲ್ಲಿ ಲ್ಯಾಪ್‌ಟಾಪ್. ಇಪ್ಪತ್ತು ವರ್ಷ ಯಾರೂ ಮುಟ್ಟದ ಹಣ ಎಂಬ ಪದ್ಧತಿ ಮಾತ್ರ ಬೆಳೆಯಲಿಲ್ಲ, ಆ ಜಾಗದಲ್ಲಿ ಹೊಲ ಇತ್ತು, ಬಂಗಾರ ಇತ್ತು. ಸಂಘದ ಸಾಲ ಸಾಲದಾದಾಗ ಮೈಕ್ರೋಫೈನಾನ್ಸ್ ಬಂತು. ಅದರ ವಸೂಲಿಯ ಕಾಟ ಎಷ್ಟಾಯಿತೆಂದರೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು.

ಸರ್ಕಾರದ ಮಟ್ಟದಲ್ಲಿ ಮಕ್ಕಳ ಓದು, ಮುಪ್ಪು ಎಂಬ ಈ ಎರಡು ಖರ್ಚುಗಳು ಒಂದೇ ಕಾಗದದ ಮೇಲೆ ಬಂದ ದಿನವೊಂದಿದೆ. 2021ರ ಜುಲೈ 28ರಂದು ಮುಖ್ಯಮಂತ್ರಿಯಾಗಿ ಪ್ರಮಾಣ ವಚನ ಸ್ವೀಕರಿಸಿದ ಬಸವರಾಜ ಬೊಮ್ಮಾಯಿ ಅದೇ ದಿನ ರೈತರ ಮಕ್ಕಳಿಗೆ ವಿದ್ಯಾರ್ಥಿ ವೇತನ ಘೋಷಿಸಿದರು, ಸಂಧ್ಯಾ ಸುರಕ್ಷಾ ಪಿಂಚಣಿಯನ್ನು 1,000ದಿಂದ 1,200ಕ್ಕೆ, ವಿಧವಾ ವೇತನವನ್ನು 600ರಿಂದ 800ಕ್ಕೆ ಏರಿಸಿದರು. ರೈತ ವಿದ್ಯಾನಿಧಿ ಎಂಬ ಆ ವಿದ್ಯಾರ್ಥಿ ವೇತನದಲ್ಲಿ ಆಗ ಪಿಯು ಹುಡುಗನಿಗೆ ವರ್ಷಕ್ಕೆ 2,500, ಹುಡುಗಿಗೆ 3,000. ಎಂಜಿನಿಯರಿಂಗ್, ಎಂಬಿಬಿಎಸ್‌ಗೆ 10,000 ಮತ್ತು 11,000. ಮಕ್ಕಳಿಗೂ ಮುದುಕರಿಗೂ ಒಂದೇ ದಿನ ಕೈ ಚಾಚಿದ್ದು ಒಳ್ಳೆಯದೇ. ಆದರೆ ಅಂಕಿಗಳನ್ನು ನೋಡಿ: ಒಂದು ಪಿಯು ಹಾಸ್ಟೆಲಿನ ಒಂದು ತಿಂಗಳಿಗೆ ಸಾಲದ ವಿದ್ಯಾರ್ಥಿ ವೇತನ, ತಿಂಗಳ ಔಷಧಿಗೆ ಸಾಲದ ಪಿಂಚಣಿ.

ಹೆಣ್ಣುಮಕ್ಕಳ ವಿಷಯದಲ್ಲಿ ರಾಜ್ಯ ಇನ್ನೂ ಮೊದಲೇ ಎಚ್ಚೆತ್ತಿತ್ತು. 2006ರ ಮಾರ್ಚ್ 31ರ ನಂತರ ಬಡ ಕುಟುಂಬದಲ್ಲಿ ಹುಟ್ಟಿದ ಹೆಣ್ಣುಮಗುವಿಗೆ ಭಾಗ್ಯಲಕ್ಷ್ಮಿ ಬಾಂಡು. ಮೊದಲ ತಂಡದ ಹುಡುಗಿಯರಿಗೆ 2024ರಲ್ಲಿ ಹದಿನೆಂಟು ತುಂಬಿತು. 2008ರ ನಂತರದ ಬಾಂಡುಗಳು ಲಕ್ಷದ ಆಸುಪಾಸಿನವು, ಅವೀಗ ಕೈಗೆ ಬರುವ ಕಾಲ. 2020–21ರಿಂದ ಅದೇ ಯೋಜನೆ ಅಂಚೆ ಕಚೇರಿಯ ಸುಕನ್ಯಾ ಸಮೃದ್ಧಿಯ ರೂಪ ತಾಳಿತು. ಹದಿನೆಂಟು ತುಂಬುವ ಮುನ್ನ ಮದುವೆ ಮಾಡಬಾರದು ಎಂಬ ಷರತ್ತಿನಿಂದ ಒಳ್ಳೆಯದೇ ಆಯಿತು. ಆದರೆ ಮನೆಯವರ ಬಾಯಲ್ಲಿ ಅದು ಮದುವೆಯ ದುಡ್ಡಾಗಿಯೇ ಉಳಿಯಿತು. 2023ರ ಜೂನ್‌ನಿಂದ ಬಸ್ಸು ಫ್ರೀ ಆದದ್ದು ಈ ಬಾಂಡಿಗಿಂತ ಹೆಚ್ಚು ಕೆಲಸ ಮಾಡಿತು ಎಂಬುದು ನನ್ನ ಅನಿಸಿಕೆ. ಮೂವತ್ತು ಕಿಲೋಮೀಟರಿನ ಆಸುಪಾಸಿನಲ್ಲಿರುವ ಹುಬ್ಬಳ್ಳಿಯ ಕಾಲೇಜಿಗೆ ಮಗಳು ದಿನಾ ಹೋಗಿ ಬರಬಹುದು, ಹಾಸ್ಟೆಲ್ ಖರ್ಚು ಉಳಿಯಿತು. ಮಗನಿಗೆ ಮಾಡುವ ಖರ್ಚಿನ ಅರ್ಧದಲ್ಲಿ ಓದಿ ಮೊದಲು ಸಂಬಳ ತರುತ್ತಿರುವ ಹುಡುಗಿಯರು ಈಗ ಊರೂರಿಗೂ ಇದ್ದಾರೆ.

ಇನ್ನು, ಈ ಲೇಖನ ಬರೆಯಲು ಕೂತದ್ದೇ ಯಾವ ಮಾತಿಗೋ ಅದು. ಮುಪ್ಪು, ನಿವೃತ್ತಿ ಎಂದು ಬರೆಯುವಾಗ ನಾವೆಲ್ಲ ಬಿಳಿಯ ಪಟಕಾ ಸುತ್ತಿದ ಯಜಮಾನನನ್ನು ಕಣ್ಣ ಮುಂದೆ ಇಟ್ಟುಕೊಳ್ಳುತ್ತೇವೆ. ಲೆಕ್ಕ ಬೇರೆಯೇ ಹೇಳುತ್ತದೆ. ಹೆಂಡತಿ ಗಂಡನಿಗಿಂತ ನಾಲ್ಕೈದು ವರ್ಷ ಚಿಕ್ಕವಳು. ಹೆಂಗಸರ ಸರಾಸರಿ ಆಯುಷ್ಯ ಗಂಡಸರಿಗಿಂತ ಹೆಚ್ಚು. ಎರಡನ್ನೂ ಕೂಡಿಸಿದರೆ ಒಂದು ಮನೆಯ ಮುಪ್ಪಿನ ಕೊನೆಯ ಎಂಟು ಹತ್ತು ವರ್ಷ ಹೆಂಗಸೊಬ್ಬಳೇ ಕಳೆಯುವ ವರ್ಷಗಳು. ಅಪ್ಪನ ಕಾಯಿಲೆಗೆ ಇದ್ದ ಹಣ ಖರ್ಚಾಗಿ, ಹೊಲ ಮಕ್ಕಳ ಹೆಸರಿಗೆ ಹೋಗಿ, ಬಂಗಾರ ಮಗಳ ಕೊರಳಿಗೆ ಹೋಗಿ ಆದಮೇಲಿನ ವರ್ಷಗಳು.

ಅವಳ ಹೆಸರಿನಲ್ಲಿ ಏನಿದೆ ಎಂದು ಒಮ್ಮೆ ಎಣಿಸಿ. ಉತಾರ ಮಾವನ ಹೆಸರಿನಲ್ಲೋ ಗಂಡನ ಹೆಸರಿನಲ್ಲೋ ಇದೆ. ಸೊಸೈಟಿಯ ಬೆಳೆಸಾಲ ಗಂಡನದು. 2023ರಿಂದ ಬಡ್ಡಿ ಇಲ್ಲದೆ ಐದು ಲಕ್ಷದವರೆಗೆ ಸಿಗುವ ಆ ಸಾಲ ಎಷ್ಟೋ ಮನೆಗಳಲ್ಲಿ ಬೀಜ ಗೊಬ್ಬರದ ಜೊತೆ ಫೀಗೂ ಹೋಗುತ್ತದೆ. ಎಲ್‌ಐಸಿ ಗಂಡನದು. ಸುಕನ್ಯಾ ಖಾತೆ ಮಗಳದು. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಎನ್‌ಪಿಎಸ್ ವಾತ್ಸಲ್ಯ ತಂದಿತು, ಅಂದರೆ ಹಾಲುಗಲ್ಲದ ಕೂಸಿನ ಹೆಸರಿಗೂ ಪಿಂಚಣಿ ಖಾತೆ! ತೊಟ್ಟಿಲಲ್ಲಿ ಮಲಗಿದವನ ಅರವತ್ತನೆಯ ವರ್ಷಕ್ಕೆ ಹಣ ಕಟ್ಟುವ ತಾಯಿಗೆ ತನ್ನ ಅರವತ್ತಕ್ಕೆ ಏನೂ ಇಲ್ಲ. ಅವಳ ಮೈಮೇಲಿನ ಬೋರಮಾಳ, ಪಾಟ್ಲಿ ಮಾತ್ರ ಅವಳವು, ಅವೂ ವರ್ಷಕ್ಕೊಮ್ಮೆಯಾದರೂ ಬ್ಯಾಂಕಿನ ಲಾಕರ್ ನೋಡಿ ಬರುತ್ತವೆ, ಸಾಲದ ಒತ್ತೆಯಾಗಿ.

ಈಚೆಗೆ ಒಂದೇ ಒಂದು ಅವಳ ಹೆಸರಿಗೆ ಬಂದಿದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ರೇಷನ್ ಕಾರ್ಡಿನಲ್ಲಿ ಮನೆಯ ಹಿರಿಯ ಹೆಣ್ಣುಮಗಳನ್ನೇ ಯಜಮಾನಿ ಮಾಡಿತು. 2023ರ ಆಗಸ್ಟ್ 30ರಂದು ಶುರುವಾದ ಗೃಹಲಕ್ಷ್ಮಿಯ 2,000 ರೂಪಾಯಿ ಆ ಯಜಮಾನಿಯ ಖಾತೆಗೆ ಬೀಳುತ್ತದೆ. ಕಂತು ತಡವಾಗುತ್ತದೆ, ಮುಂದೆ ಎಷ್ಟು ವರ್ಷ ಇದ್ದೀತೆಂದು ಯಾರೂ ಬರೆದುಕೊಟ್ಟಿಲ್ಲ. ಬಂದಾಗ ಅದು ಹೋಗುವುದೂ ಹೆಚ್ಚಾಗಿ ಮಕ್ಕಳ ಫೀಗೆ, ಗ್ಯಾಸಿಗೆ, ಸಂಘದ ಕಂತಿಗೆ. ತಪ್ಪೇನಲ್ಲ. ಆದರೆ ಅದರಲ್ಲಿ ಒಂದು ಪಾಲು ಅವಳ ಮುಪ್ಪಿಗೆ ಮೀಸಲಾದರೆ ಏನಾಗುತ್ತದೆಂದು ನೋಡೋಣ.

ಅಟಲ್ ಪಿಂಚಣಿ ಯೋಜನೆ 2015ರಲ್ಲಿ ಬಂದದ್ದು. 18ರಿಂದ 40ರೊಳಗಿನವರು, ಆದಾಯ ತೆರಿಗೆ ಕಟ್ಟದವರು ಸೇರಬಹುದು. 60 ತುಂಬಿದ ಮೇಲೆ ತಿಂಗಳಿಗೆ 1,000ದಿಂದ 5,000ದವರೆಗೆ ಪಿಂಚಣಿ, ಸರ್ಕಾರದ ಖಾತ್ರಿ. 5,000ಕ್ಕೆ 25ರ ವಯಸ್ಸಿನಲ್ಲಿ ಸೇರಿದರೆ ತಿಂಗಳಿಗೆ 376 ರೂಪಾಯಿ ಕಟ್ಟಬೇಕು, 30ಕ್ಕೆ ಸೇರಿದರೆ 577, 35ಕ್ಕೆ 902, 40ಕ್ಕೆ 1,454. ಚಂದಾದಾರರು ತೀರಿಕೊಂಡರೆ ಅಷ್ಟೇ ಪಿಂಚಣಿ ಗಂಡ ಅಥವಾ ಹೆಂಡತಿಗೆ, ಇಬ್ಬರೂ ಹೋದಮೇಲೆ ನಾಮಿನಿಗೆ 8.5 ಲಕ್ಷ. ಅಂದರೆ ಮಕ್ಕಳಿಗೂ ಇದರಲ್ಲಿ ಪಾಲಿದೆ. ಮಕ್ಕಳಿಗೆ ಮಾಡಬೇಕು ಎನ್ನುವ ಅಪ್ಪ ಅವ್ವನಿಗೆ ಈ ಒಂದು ಮಾತು ಸಾಕು. ಆದರೂ ದೇಶದಲ್ಲಿ ಸೇರಿದವರಲ್ಲಿ ಬಹುಪಾಲು ಜನ ಆರಿಸಿಕೊಂಡದ್ದು ಅತಿ ಕೆಳಗಿನ ಸಾವಿರದ ಪಿಂಚಣಿಯನ್ನು. ಬ್ಯಾಂಕಿನವರೂ ಅದನ್ನೇ ಬರೆದುಕೊಂಡು ಕೈ ತೊಳೆದುಕೊಂಡರು ಎನ್ನದೆ ವಿಧಿಯಿಲ್ಲ.

ಇದರ ಕೊರತೆಯನ್ನೂ ಹೇಳದಿದ್ದರೆ ಮೋಸವಾದೀತು. 5,000 ಎಂದರೆ ಇವತ್ತಿನ 5,000 ಅಲ್ಲ. ಬೆಲೆಗಳು ವರ್ಷಕ್ಕೆ ಶೇಕಡಾ 6ರಂತೆ ಏರಿದರೆ, ಮೂವತ್ತು ವರ್ಷದ ಮೇಲೆ ಬರುವ ಆ ಹಣದ ಕೊಳ್ಳುವ ಬಲ ಇಂದಿನ 870 ರೂಪಾಯಿಯಷ್ಟು. ಆದ್ದರಿಂದ ಅದು ಗಂಜಿಗೆ ಆಯಿತು, ಮೇಲೋಗರಕ್ಕೆ ಬೇರೆ ದಾರಿ ಬೇಕು. ಆ ದಾರಿಯಲ್ಲಿ ಮೊತ್ತಕ್ಕಿಂತ ಕಾಲವೇ ದೊಡ್ಡದು. ಶೇಕಡಾ 7ರ ಬಡ್ಡಿ ಹಿಡಿಯಿರಿ. 30ರಲ್ಲಿ ಶುರು ಮಾಡಿ 60ರವರೆಗೆ ತಿಂಗಳಿಗೆ ಸಾವಿರ ಕಟ್ಟಿದವಳು ಕಟ್ಟಿದ್ದು 3.6 ಲಕ್ಷ, ಸಿಗುವುದು ಸುಮಾರು 12 ಲಕ್ಷ. ಮಕ್ಕಳ ಓದು ಮುಗಿಯಲಿ ಎಂದು 45ರವರೆಗೆ ಕಾಯ್ದು ತಿಂಗಳಿಗೆ ಎರಡು ಸಾವಿರ ಕಟ್ಟಿದವಳು ಕಟ್ಟಿದ್ದೂ ಅದೇ 3.6 ಲಕ್ಷ, ಸಿಗುವುದು ಆರು ಲಕ್ಷ ಚಿಲ್ಲರೆ. ಮಕ್ಕಳದು ಮುಗಿಯಲಿ ಆಮೇಲೆ ನೋಡೋಣ ಎಂಬ ಮಾತಿನ ಬೆಲೆ ಇಲ್ಲಿ ಆರು ಲಕ್ಷ.

ಸುಗ್ಗಿಯಲ್ಲೊಮ್ಮೆ ಮಾತ್ರ ದುಡ್ಡು ಕಾಣುವ ಮನೆ ತಿಂಗಳ ಕಂತು ತಪ್ಪಿಸುವುದು ಸಹಜ. ಅಟಲ್ ಪಿಂಚಣಿಯಲ್ಲಿ ಮೂರು ತಿಂಗಳಿಗೊಮ್ಮೆ, ಆರು ತಿಂಗಳಿಗೊಮ್ಮೆ ಕಟ್ಟಲೂ ಬರುತ್ತದೆ. ಈ ಸಣ್ಣ ಅನುಕೂಲ ನಮ್ಮ ಹೊಲಗಳ ಹಂಗಾಮಿಗೆ ಸರಿಯಾಗಿ ಹೊಂದುತ್ತದೆ, ಆದರೆ ಖಾತೆ ತೆಗೆಯುವಾಗ ಯಾರೂ ಹೇಳುವುದಿಲ್ಲ. ನಮ್ಮ ಹಿರಿಯರು ಇನ್ನೂ ಮಲಪ್ರಭಾ ಬ್ಯಾಂಕ್ ಎಂದೇ ಕರೆಯುವ, ಧಾರವಾಡದಲ್ಲೇ ಮುಖ್ಯ ಕಚೇರಿ ಇದ್ದ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಂದು ಬಳ್ಳಾರಿಯ ಕೇಂದ್ರ ಕಚೇರಿಯ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಕೂಡಿಹೋಯಿತು. ಪಾಸ್‌ಬುಕ್, ಕೋಡ್ ಬದಲಾಗುವ ಇಂಥ ಹೊತ್ತಿನಲ್ಲಿ ಕಂತು ಸರಿಯಾಗಿ ಕಡಿತವಾಗುತ್ತಿದೆಯೇ ಎಂದು ಒಮ್ಮೆ ಹೋಗಿ ಕೇಳಿ ಬರುವುದು ಒಳ್ಳೆಯದು.

ಕಟ್ಟಡ ಕೆಲಸಕ್ಕೆ ಹುಬ್ಬಳ್ಳಿಗೆ, ಗೋವಾಕ್ಕೆ ಹೋಗುವವರಿಗೆ ಇನ್ನೊಂದು ಬಾಗಿಲಿದೆ. 2023ರಲ್ಲಿ ರಾಜ್ಯದ ಕಾರ್ಮಿಕ ಸಚಿವರಾದವರು ಕಲಘಟಗಿಯ ಶಾಸಕ ಸಂತೋಷ ಲಾಡ್ ಅವರೇ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿ ಕಾರ್ಡು ಚಾಲ್ತಿಯಲ್ಲಿಟ್ಟವರಿಗೆ 60 ತುಂಬಿದ ಮೇಲೆ ತಿಂಗಳಿಗೆ 3,000 ಪಿಂಚಣಿ, ಮಕ್ಕಳ ಮದುವೆಗೆ 60,000, ಓದಿಗೆ ಸಹಾಯಧನ. ಜನಕ್ಕೆ ಗೊತ್ತಿರುವುದು ಓದಿನ ಸಹಾಯಧನ. 2023ರಲ್ಲಿ ಅದರ ಮೊತ್ತ ಇಳಿಸಿದಾಗ ಗದ್ದಲವಾಯಿತು. ಪಿಂಚಣಿಯ ವಿಷಯ ಕೇಳುವವರೇ ಕಡಿಮೆ. ಬುಟ್ಟಿ ಹೊರುವ ಹೆಂಗಸಿಗೂ ಈ ಕಾರ್ಡು ಮಾಡಿಸಲು ಬರುತ್ತದೆ, ಗಂಡನದೊಂದಿದ್ದರೆ ಸಾಕೆಂದು ಬಿಡುವುದೇ ಹೆಚ್ಚು. ಗೋವಾದಲ್ಲಿ ಹತ್ತು ವರ್ಷ ಗಾರೆ ಕಲಸಿದವರಿಗೆ ಇಲ್ಲಿಯ ಕಾರ್ಡಿನಲ್ಲಿ ಏನೂ ಜಮೆಯಾಗುವುದಿಲ್ಲ ಎಂಬ ತೊಡಕು ಬೇರೆ.

ಹೊಲದ ಮಾತು ಉಳಿಯಿತು. ಮಕ್ಕಳಿಗೆ ವಾಟ್ನಿ ಮಾಡಿಕೊಟ್ಟು ಕೈ ಬರಿದಾದವರ ಕಥೆ ಊರೂರಿಗೂ ಇದೆ. 2025ರ ಮಾರ್ಚ್‌ನಲ್ಲಿ ವೈದ್ಯಕೀಯ ಶಿಕ್ಷಣ ಸಚಿವ ಶರಣಪ್ರಕಾಶ ಪಾಟೀಲರು, ಬೆಳಗಾವಿಯ ಬಿಮ್ಸ್ ಆಸ್ಪತ್ರೆಯಲ್ಲೇ ನೂರಕ್ಕೂ ಹೆಚ್ಚು ವೃದ್ಧರನ್ನು ಮಕ್ಕಳು ಬಿಟ್ಟುಹೋದ ಸಂಗತಿಯನ್ನು ಎತ್ತಿ, ಅಂಥ ಮಕ್ಕಳಿಗೆ ಬರೆದುಕೊಟ್ಟ ಆಸ್ತಿಯನ್ನು ರದ್ದು ಮಾಡಿಸಬೇಕೆಂದರು. ಕಾನೂನು 2007ರಿಂದಲೇ ಇದೆ. ಹಿರಿಯ ನಾಗರಿಕರ ಪಾಲನೆಯ ಕಾಯ್ದೆಯ 23ನೆಯ ಕಲಮು, ನೋಡಿಕೊಳ್ಳುತ್ತೇನೆಂದು ಬರೆಸಿಕೊಂಡು ನೋಡಿಕೊಳ್ಳದವನ ದಾನಪತ್ರವನ್ನು ರದ್ದುಮಾಡಲು ಅವಕಾಶ ಕೊಡುತ್ತದೆ. ಉಪವಿಭಾಗಾಧಿಕಾರಿಯೇ ನ್ಯಾಯಮಂಡಳಿ, ಪೋಟಗಿ ತಿಂಗಳಿಗೆ ಹತ್ತು ಸಾವಿರದವರೆಗೆ. ಆದರೆ ಪತ್ರದಲ್ಲಿ ಆ ಷರತ್ತು ಇರಬೇಕೆಂದು 2022ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ತಾಯಿಯೊಬ್ಬರ ಪ್ರಕರಣದಲ್ಲಿ ಅದೇ ಕೋರ್ಟು ಕಾಯ್ದೆಯನ್ನು ಉದಾರವಾಗಿ ಓದಬೇಕೆಂದು ಹೇಳಿ ಆಸ್ತಿಯನ್ನು ತಾಯಿಗೆ ಮರಳಿಸಿತು. ಕೋರ್ಟಿನ ಔದಾರ್ಯ ನಂಬಿ ಕೂರುವುದಕ್ಕಿಂತ ಬಾಂಡು ಬರೆಯುವವನಿಗೆ ಆ ಒಂದು ಸಾಲು ಬರೆ ಎನ್ನುವುದು ಸುಲಭ. ಅದಕ್ಕಿಂತಲೂ ಸುಲಭ, ವಾಟ್ನಿಯಲ್ಲಿ ಅವ್ವನ ಹೆಸರಿಗೆ ಒಂದು ಎಕರೆ ಬಿಡುವುದು. ಬದುಕಿರುವ ತನಕ ಲಾವಣಿ ಅವಳಿಗೆ ಬರಲಿ, ಆಮೇಲೆ ಮಕ್ಕಳಿಗೆ. ಕರ್ನಾಟಕದಲ್ಲಿ 1994ರಿಂದಲೇ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲಿದೆ. 2007ರ ಕಾಯ್ದೆ ಸಾಕುವ ಹೊಣೆಯನ್ನು ಮಗಳ ಮೇಲೂ ಇಟ್ಟಿದೆ. ಹಕ್ಕು ಬಿಟ್ಟುಕೊಡು ಎಂದು ಮಗಳ ರುಜು ಹಾಕಿಸಿಕೊಂಡು, ಮುಪ್ಪಿನಲ್ಲಿ ಮಗಳ ಮನೆಯ ಪಡಸಾಲೆಯಲ್ಲಿ ದಿನ ತೆಗೆಯುವ ತಾಯಂದಿರು ಕಡಿಮೆಯೇನಿಲ್ಲ.

ಆಸ್ಪತ್ರೆಯ ಬಿಲ್ಲು ಈ ಎಲ್ಲ ಲೆಕ್ಕವನ್ನೂ ಒಂದು ವಾರದಲ್ಲಿ ಅಳಿಸಬಲ್ಲದು. 2024ರ ಅಕ್ಟೋಬರಿನಿಂದ 70 ದಾಟಿದ ಎಲ್ಲರಿಗೂ ಆಯುಷ್ಮಾನ್‌ನಲ್ಲಿ ಐದು ಲಕ್ಷದ ಚಿಕಿತ್ಸೆ ಎಂದು ಕೇಂದ್ರ ಹೇಳಿದೆ. ಸಹಕಾರಿ ಸಂಘದ ಸದಸ್ಯರಿಗೆ ಯಶಸ್ವಿನಿ ಮತ್ತೆ ಬಂದಿದೆ. ಕಾರ್ಡು ಮೊದಲೇ ಮಾಡಿಸಿಟ್ಟವರಿಗೆ ಮಾತ್ರ ಅವು ಹೊತ್ತಿಗೆ ಒದಗುತ್ತವೆ.

ಕೊನೆಗೆ ಉಳಿಯುವವರು ನಲವತ್ತು ದಾಟಿದ ತಾಯಂದಿರು. ಅಟಲ್ ಪಿಂಚಣಿ ಅವರಿಗೆ ಮುಚ್ಚಿದ ಬಾಗಿಲು. ಸಣ್ಣ ರೈತರಿಗೆಂದು 2019ರಲ್ಲಿ ಬಂದ ಮಾನ್‌ಧನ್ ಪಿಂಚಣಿಗೂ ನಲವತ್ತೇ ಮಿತಿ. ಮಕ್ಕಳ ಗದ್ದಲ ಕಳೆದು ತನ್ನ ಬಗ್ಗೆ ಯೋಚಿಸಲು ಹೆಣ್ಣುಮಗಳಿಗೆ ಬಿಡುವು ಸಿಗುವ ವಯಸ್ಸಿಗೇ ಸರ್ಕಾರದ ಬಾಗಿಲು ಮುಚ್ಚುವುದು ವಿಚಿತ್ರ. ಈ ಮಿತಿಯನ್ನು ಐವತ್ತಕ್ಕೆ ಏರಿಸಿ, ಕಂತು ಹೆಚ್ಚಾದರೂ ಆಗಲಿ ಎನ್ನುವ ಬೇಡಿಕೆ ಮಹಿಳಾ ಸಂಘಗಳಿಂದ ಏಳಬೇಕಾದದ್ದು. ಅಲ್ಲಿಯ ತನಕ ಅವರಿಗಿರುವುದು ಅಂಚೆ ಕಚೇರಿಯ ಆರ್‌ಡಿ, ವರ್ಷಕ್ಕೆ 500 ಕಟ್ಟಿದರೂ ಖಾತೆ ಜೀವಂತವಿರುವ ಹದಿನೈದು ವರ್ಷದ ಪಿಪಿಎಫ್, ನಲವತ್ತು ದಾಟಿದವರೂ ಸೇರಬಹುದಾದ ಎನ್‌ಪಿಎಸ್. ಇವುಗಳಲ್ಲಿ ಪಿಪಿಎಫ್ ನನಗೆ ಮೇಲೆನಿಸುತ್ತದೆ, ಕಾರಣ ಒಂದೇ: ಮಗನ ಕೋಚಿಂಗಿಗೆಂದು ಕೇಳಿದರೂ ಅದು ಮೊದಲ ಕೆಲವು ವರ್ಷ ಕೈಗೆ ಬರುವುದಿಲ್ಲ, ಸಾಲಗಾರರ ಜಪ್ತಿಗೂ ಸಿಕ್ಕುವುದಿಲ್ಲ.